ಹೊಸ ಮಂದ್ರ ತಂತಿಗಳು

"ನಾಳೆ ಊಟದ ಹೊತ್ತಿಗೆ ಇವನ್ನ ಹಾಕ್ಕೊಂಡಿರಬೇಕು," ಎಂದು ಅರಮನೆಯ ಸಂಗೀತಾಧಿಕಾರಿ ಹೂಫ್, ಬೆಳ್ಳಿ ಸುತ್ತಿದ ಆರು ಮಂದ್ರ ತಂತಿಗಳನ್ನು ವೀಣೆಯಂಥ ಲ್ಯೂಟ್ ನುಡಿಸುವ ಅಪೊಲೋನಿಯಾಳ ಮುಂದಿಟ್ಟ. "ಹೋದ ಭಾನುವಾರ ನಿನ್ನ ಲ್ಯೂಟ್ ಕೇಳಿಸಲೇ ಇಲ್ಲವಂತೆ. ದೊರೆಗಳೇ ಅಂದ್ರು."

"ದೊರೆಗಳು ಹೆಬ್ಬಾತಿನ ಮೂಳೆ ಕಡೀತಿದ್ರು ಸ್ವಾಮಿ. ಆ ಸದ್ದಿನಲ್ಲಿ ಚರ್ಚಿನ ಗಂಟೆ ಹೊಡೆದಿದ್ರೂ ಕೇಳಿಸ್ತಿರಲಿಲ್ಲ."

"ನಾಲಿಗೆ ಹಿಡಿತದಲ್ಲಿರಲಮ್ಮ. ನಾಳೆಯೂ ಇದೇ ಮಾತು ಬಂದ್ರೆ ನಿನ್ನ ಕುರ್ಚೀಲಿ ಬೇರೆಯವರು ಕೂತಿರ್ತಾರೆ."

ಹನ್ನೊಂದು ವರ್ಷಗಳಿಂದ ಆಕೆಯ ಒಲೆ ಉರಿಯುತ್ತಿದ್ದುದು ಆ ಕುರ್ಚಿಯಿಂದಲೇ. ಅಪೊಲೋನಿಯಾ ಒಂದು ಬೆಳ್ಳಿ ತಂತಿಯನ್ನು ಬಿಗಿದು ಮೀಟಿದಳು. ನಾದ ಕೋಣೆ ತುಂಬಿತು. ಮೇಲಿನ ತಂತಿಗಳಲ್ಲಿ ಹಾಡಿನ ನಾಲ್ಕು ಸ್ವರಗಳನ್ನು ನುಡಿಸಿದಳು. ಕೆಳಗೆ ಆ ಮಂದ್ರ ತಂತಿ ಇನ್ನೂ ಗುಂಯ್‌ಗುಡುತ್ತಿತ್ತು.

"ಕೇಳಿದ್ರಾ? ಹಾಡು ಬೀದಿ ದಾಟಿ ಹೋಯ್ತು. ಇದಿನ್ನೂ ಹೊಸಿಲಲ್ಲೇ ನಿಂತು ಹರಟ್ತಾ ಇದೆ."

"ಹೆಬ್ಬೆರಳಿಟ್ಟು ಅದರ ಬಾಯಿ ಮುಚ್ಚಿಸು."

"ನನ್ನ ಹೆಬ್ಬೆರಳಿರೋದು ನುಡಿಸೋದಕ್ಕೆ. ಬಾಯಿ ಮುಚ್ಚಿಸೋ ಕೆಲಸ ನಿಮ್ಮದು."

ಬೆಳ್ಳಿಯನ್ನು ಬಿಚ್ಚಿ ಅವನ ಕೈಗೇ ಕೊಟ್ಟಳು. ಸವೆದುಹೋಗಿದ್ದ ಹಳೆಯ ತಂತಿಗಳನ್ನೂ ತೆಗೆದೆಸೆದು, ಪೆಟ್ಟಿಗೆಯಿಂದ ಕುರಿಕರುಳಿನ ಹೊಸ ತಂತಿಗಳ ಕಟ್ಟನ್ನು ಹೊರತೆಗೆದಳು. ಒಂದೊಂದನ್ನೂ ಎರಡು ಕೈಗಳ ನಡುವೆ ಎಳೆದು ಹಿಡಿದು ಕಿರುಬೆರಳಿನಿಂದ ಮೀಟಿ ನೋಡಿದಳು. ಕಂಪನ ಎರಡು ಸ್ವಚ್ಛ ಗೆರೆಗಳಾಗಿ ಕಂಡರೆ ತಂತಿ ಸಾಚಾ. ಮಸುಕಾಗಿ ಕಲಸಿಕೊಂಡರೆ ಖೋಟಾ. ಏಳು ತಂತಿಗಳು ನೆಲಕ್ಕೆ ಬಿದ್ದವು. ಆರು ಉಳಿದವು.

ಹೂಫ್ ನಕ್ಕುಬಿಟ್ಟ. "ಹುಚ್ಚಿ! ಹೊಸ ಕರುಳು ಮೂರು ದಿನ ಶ್ರುತೀಲಿ ನಿಲ್ಲೋದಿಲ್ಲ. ನಾಳೆ ಹಾಡಿನ ನಡುವೆಯೇ ಇಳಿದು ನಿನ್ನ ಮಾನ ಕಳೆಯುತ್ತೆ."

"ಗೊತ್ತು," ಎಂದಳು ಅಪೊಲೋನಿಯಾ.

ಮರುದಿನ ಮಧ್ಯಾಹ್ನ, ಸೂಪು ಬಡಿಸಿದ ಹೊತ್ತಿಗೆ, ಎರಡನೆಯ ಹಾಡಿನ ನಡುವೆ ಮಂದ್ರ ತಂತಿಗಳು ಇಳಿದೇಬಿಟ್ಟವು. ಆಕೆ ನಿಲ್ಲಿಸಿದಳು. ಬಿರಡೆ ತಿರುವಿದಳು, ಮೀಟಿದಳು, ಮತ್ತೆ ತಿರುವಿದಳು. ಬಾಗಿಲ ಬಳಿ ಹೂಫ್‌ನ ಮುಖ ಬಿಳಿಚಿಕೊಂಡಿತು. ನುಡಿಸುವಾಗ ಯಾರಿಗೂ ಕೇಳದಿದ್ದ ಸಂಗೀತ, ನಿಂತಾಗ ಎಲ್ಲರಿಗೂ ಕೇಳಿಸಿತು. ಒಬ್ಬೊಬ್ಬರಾಗಿ ಇತ್ತ ತಿರುಗಿದರು. ಒಂದೊಂದಾಗಿ ಚಮಚಗಳು ಕೆಳಗಿಳಿದವು. ಆಕೆಯ ಕೈ ಮಾತ್ರ ಬಿರಡೆಗಳನ್ನು ಬಿಡಲಿಲ್ಲ.

"ಇನ್ನೂ ಶ್ರುತಿ ಕೂಡಲಿಲ್ಲವೇನಮ್ಮಾ?" ಬಟ್ಟಲು ಕೆರೆಯುತ್ತಲೇ ದೊರೆ ಕೇಳಿದ.

"ಲ್ಯೂಟಿನದು ಆಗಲೇ ಕೂಡಿತು ಮಹಾಸ್ವಾಮಿ. ಈಗ ಮೇಜಿನದು ಕೂಡಿಸ್ತಾ ಇದ್ದೀನಿ. ಇನ್ನೊಂದೇ ಒಂದು ಚಮಚ ಬಾಕಿ."

ದೊರೆಯ ಚಮಚ ಬಟ್ಟಲಿಗೂ ಬಾಯಿಗೂ ನಡುವೆ ನಿಂತಿತು. ಇಳಿಯಲಿಲ್ಲ.

ಅಪೊಲೋನಿಯಾ ಮತ್ತೆ ಬಿರಡೆಗೆ ಕೈ ಹಾಕಿದಳು.