ಅಪ್ಪನ ಕೊರಗು

ಅಪ್ಪನ ತಿಥಿಯ ದಿನ ಹೊಳೆದಂಡೆಯಲ್ಲಿ ಬಾಳೆಲೆಯ ಮೇಲೆ ಎಡೆಯಿಟ್ಟು ದೂರ ಸರಿದು ನಿಂತೆವು. ಸತ್ತವರ ಆಸೆ ಏನಾದರೂ ಉಳಿದಿದ್ದರೆ ಕಾಗೆ ಅನ್ನ ಮುಟ್ಟುವುದಿಲ್ಲ ಎನ್ನುತ್ತಾರೆ. ಅತ್ತಿಮರದ ತುಂಬ ಕಾಗೆಗಳಿದ್ದವು, ಒಂದೂ ಇಳಿಯಲಿಲ್ಲ.

"ಅಮ್ಮನ್ನ ಚೆನ್ನಾಗಿ ನೋಡ್ಕೋತೀನಿ ಅಪ್ಪಾ," ಎಂದು ಅಣ್ಣ ಕೈಮುಗಿದ. ಕಾಗೆ ಬರಲಿಲ್ಲ.

"ಬೀಡಿ ಇಡ್ರೋ. ಅದಿಲ್ದೆ ಅವನಿಗೆ ಊಟ ಎಲ್ಲಿ ಸೇರ್ತಿತ್ತು?" ಎಂದರು ದೊಡ್ಡಪ್ಪ. ಬೀಡಿ ಇಟ್ಟರೂ ಬರಲಿಲ್ಲ.

ಹೆಂಡತಿಯನ್ನು ಕಳೆದುಕೊಂಡಿದ್ದ ಸೋದರಮಾವ ನನ್ನತ್ತ ತಿರುಗಿದರು. "ಇವಳನ್ನ ನನಗೇ ಕೊಡ್ಬೇಕು ಅಂತಿದ್ರು ಭಾವ. ಅದೇ ಕೊರಗು."

"ಅಪ್ಪ ನನ್ ಹತ್ರ ಯಾವತ್ತೂ ಹಾಗಂದಿಲ್ಲ," ಎಂದೆ.

"ಹೆಣ್ಮಗಳ ಹತ್ರ ಹೇಳ್ತಾರೇನೇ?" ದೊಡ್ಡಪ್ಪ ಗದರಿದರು. "ನಿಮ್ಮಪ್ಪ ಹಸ್ಕೊಂಡು ನಿಂತಿದಾನೆ. ಮಾತು ಕೊಡು."

ಅಮ್ಮನ ಮುಖ ನೋಡಿದೆ. ಅವಳು ತಲೆ ತಗ್ಗಿಸಿದಳು.

"ಮಾವನ್ನೇ ಮದುವೆ ಆಗ್ತೀನಿ ಅಪ್ಪಾ."

ಎಲ್ಲರೂ ಮರದತ್ತ ನೋಡುತ್ತ ನಿಂತರು. ಬಿಸಿಲೇರಿತು. ಕಾಗೆಗಳು ಒಂದೊಂದಾಗಿ ಹೊಳೆಯಾಚೆ ಹಾರಿಹೋದವು.

"ಕಾದಿದ್ದು ಸಾಕು, ಎಡೆ ಹಸುವಿಗೆ ಹಾಕ್ಬಿಡಿ," ಎಂದರು ಮಾವ. "ಇವಳು ಮಾತು ಕೊಟ್ಟಾಯ್ತಲ್ಲ."