ಅತ್ತೆಯ ಭಾರ

ಇವತ್ತು ಅತ್ತೆ ಒಂದೇ ಎತ್ತಿಗೆ ಮೇಲೆದ್ದು ಬಂದರು. ಸೊಸೆ ಮಂಚದ ಪಕ್ಕ ಕಾಲಗಲಿಸಿ ನಿಂತು, ಅವರ ಕಂಕುಳಡಿ ಕೈ ತೂರಿಸಿ, ಭಾರವನ್ನೆಲ್ಲ ಹಿಮ್ಮಡಿಗೆ ಬಿಟ್ಟು, ತೊಡೆಯ ಬಲದಿಂದ ಎದ್ದಳು. ಅರ್ಧ ಸುತ್ತು ತಿರುಗಿ ಗಾಲಿಕುರ್ಚಿಯಲ್ಲಿ ಕೂರಿಸಿದಳು. ಮಂಡಿ ಕಟಕ್ ಎಂದಿತಾದರೂ ಕೈಕೊಡಲಿಲ್ಲ.

"ನೋಡಿದ್ರಾ ಅತ್ತೆ? ಹೂವಿನ ಹಾಗೆ ಎತ್ತಿಬಿಟ್ಟೆ."

"ನೋಡ್ದೆ, ನೋಡ್ದೆ. ಹೂವು ಎತ್ತೋರು ಹೀಗೆ ತಿಣುಕ್ತಾರಾ?" ಎಂದು ಅತ್ತೆ ಅವಳ ಏದುಸಿರನ್ನು ಹಾಗೇ ಮಾಡಿ ತೋರಿಸಿದರು.

ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಅತ್ತೆ ತಾವಾಗಿ ಎದ್ದು ನಿಂತಿರಲಿಲ್ಲ. ಎಲುಬಿಲ್ಲದ ನಾಲಿಗೆಗೆ ಮಾತ್ರ ಪೆಟ್ಟಾಗಿರಲಿಲ್ಲ. ಎತ್ತಿ ಕೂರಿಸಲು ಮಗನಿಲ್ಲ; ಅವನು ತೀರಿಕೊಂಡು ವರ್ಷಗಳಾಗಿದ್ದವು. ಇದ್ದವಳು ಸೊಸೆ. ಇಸ್ತ್ರಿ ಅಂಗಡಿಯಲ್ಲಿ ದಿನವಿಡೀ ನಿಂತು ಊರವರ ಬಟ್ಟೆಯ ಸುಕ್ಕು ತೆಗೆಯುವಷ್ಟರಲ್ಲಿ ಅವಳ ಎರಡು ಮಂಡಿಗಳೂ ಸವೆದಿದ್ದವು. ಹೋದ ತಿಂಗಳು ಅತ್ತೆಯನ್ನು ಎತ್ತುವಾಗ ಕಾಲು ಸೋತು ಇಬ್ಬರೂ ನೆಲಕ್ಕೆ ಕುಸಿದರು. ಪಕ್ಕದ ಮನೆಯವರು ಬರುವವರೆಗೂ ತಬ್ಬಿಕೊಂಡೇ ಕೂತಿದ್ದರು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ," ಎಂದಿದ್ದರು ಅತ್ತೆ ನೆಲದ ಮೇಲಿಂದಲೇ. "ನಮ್ಮನೇಲಿ ಇಬ್ಬರಿಗೂ ಸೇರಿ ಒಂದು ಕಾಲೂ ನೆಟ್ಟಗಿಲ್ಲ."

ಸುದ್ದಿ ಕೇಳಿ ನಾದಿನಿ ನಗಲಿಲ್ಲ. "ನಿನ್ನ ಕೈಲಿ ಎತ್ತೋಕಾಗಲ್ಲ ಅಂದ್ರೆ ಅಮ್ಮನ್ನ ಆಶ್ರಮಕ್ಕೆ ಸೇರಿಸೋದೇ ಅತ್ತಿಗೆ," ಎಂದು ಫೋನಿನಲ್ಲೇ ತೀರ್ಮಾನ ಕೊಟ್ಟಳು. ಮಗಳ ಆ ಮಾತನ್ನು ಅತ್ತೆ ಅವಳದೇ ರಾಗದಲ್ಲಿ ಎರಡು ದಿನ ಅಣಕಿಸಿದರು. ಮೂರನೆಯ ದಿನ ಸುಮ್ಮನಾದರು.

"ಅಲ್ಲಿ ಹೊತ್ತುಹೊತ್ತಿಗೆ ನೋಡ್ಕೋತಾರಂತೆ ಅತ್ತೆ," ಎಂದಳು ಸೊಸೆ, ಸಮಾಧಾನಕ್ಕೆ.

"ನೋಡ್ಕೋತಾರೆ. ಜಗಳ ಯಾರು ಆಡ್ತಾರೆ?"

ಅಂದಿನಿಂದಲೇ ಸೊಸೆಯ ಬಸ್ಕಿ ಶುರುವಾದದ್ದು. ಅತ್ತೆಯನ್ನು ನೋಡಲು ತಿಂಗಳಿಗೊಮ್ಮೆ ಬರುವ ಫಿಸಿಯೋ ಹುಡುಗಿ ಹೇಳಿಕೊಟ್ಟಿದ್ದಳು: ಪೂರ್ತಿ ಕೂರಬೇಡಿ, ಹಿಂದೆ ಕುರ್ಚಿ ಇಟ್ಟುಕೊಂಡು ಅದರ ಅಂಚು ತಾಕುವಷ್ಟು ಬಗ್ಗಿ, ಮಂಡಿ ಒಳಗೆ ವಾಲಬಾರದು, ನೋವು ಹೆಚ್ಚಾದರೆ ನಿಲ್ಲಿಸಿ. ಅತ್ತೆ ಅವಳಿಗೆ 'ಬಸ್ಕಿ ಮೇಡಂ' ಎಂದು ಹೆಸರಿಟ್ಟು, ಅವಳದೇ ದನಿ ತೆಗೆದು ಮಂಚದಿಂದಲೇ ಕವಾಯತು ಮಾಡಿಸುತ್ತಿದ್ದರು: "ಉಸಿರು ಬಿಡಿ ಆಂಟೀ. ಪ್ರಾಣ ಬಿಡಬೇಡಿ ಆಂಟೀ." ಅದು ಸಾಲದೆಂಬಂತೆ ಊಟಕ್ಕೂ ತಗಾದೆ ತೆಗೆದರು. ಒಂದು ದಿನ ಉಪ್ಪಿಲ್ಲ, ಒಂದು ದಿನ ಸೀದಿದೆ, ಒಂದು ದಿನ ಬೆಂದೇ ಇಲ್ಲ. ಎರಡು ತುತ್ತು ತಿಂದು ತಟ್ಟೆ ತಳ್ಳುವರು. ಮೈ ಒರೆಸಲು ಹೋದರೆ, "ಕೈ ಮುರಿದಿಲ್ಲ, ನಾನೇ ಒರೆಸ್ಕೋತೀನಿ" ಎಂದು ಬಟ್ಟೆ ಕಿತ್ತುಕೊಳ್ಳುವರು. ಈ ಬಾಯಿಗೆ ನಳಪಾಕವೂ ಸಪ್ಪೆಯೇ ಎಂದುಕೊಂಡು ಸೊಸೆ ತಟ್ಟೆ ಎತ್ತಿಡುವಳು. ಅಂಗಡಿಗೆ ಹೊತ್ತಾಗುತ್ತಿತ್ತು.

ಇವತ್ತು ಬಸ್ಕಿ ಮೇಡಂ ಬಂದಾಗ ಸೊಸೆ ಬಾಗಿಲಲ್ಲೇ ಹೇಳಿದಳು. "ಮೇಡಂ, ನಿಮ್ಮ ಬಸ್ಕಿ ಫಲ ಕೊಡ್ತು. ಅತ್ತೆ ಇವತ್ತು ಭಾರಾನೇ ಅನ್ನಿಸ್ಲಿಲ್ಲ. ನಮ್ಮ ನಾದಿನಿಗೆ ಒಂದು ಮಾತು ಹೇಳ್ಬಿಡಿ, ಆಶ್ರಮ ಬೇಡ ಅಂತ."

"ಎಲ್ಲಿ, ಬಗ್ಗಿ ತೋರ್ಸಿ."

ಸೊಸೆ ಬಗ್ಗಿದಳು. ಕುರ್ಚಿ ಇನ್ನೂ ಒಂದು ಗೇಣು ಕೆಳಗಿರುವಾಗಲೇ ಎಡಮಂಡಿ ನಡುಗಿ ಒಳಗೆ ವಾಲಿತು. ಗೋಡೆ ಹಿಡಿದು ಎದ್ದಳು.

"ಹೋದ ಸಲ ಇದ್ದ ಹಾಗೇ ಇದೆಯಲ್ಲ ಆಂಟಿ. ಬಲ ಇಷ್ಟು ಬೇಗ ಬರಲ್ಲ, ಇನ್ನೂ ಎಷ್ಟೋ ತಿಂಗಳು ಬೇಕು."

"ಮತ್ತೆ ಬೆಳಗ್ಗೆ ಎತ್ತಿದ್ದು?"

ಹುಡುಗಿ ಗಾಲಿಕುರ್ಚಿಯ ಕಡೆ ನಡೆದಳು. ಚಳಿ ಚಳಿ ಎಂದು ಅತ್ತೆ ಸದಾ ಹೊದ್ದಿರುತ್ತಿದ್ದ ಶಾಲಿಗೆ ಕೈ ಹಾಕಿದಳು. ಅತ್ತೆ ಬಿಗಿಹಿಡಿದರು. "ಏನಮ್ಮಾ, ನನ್ನ ಕೈಲೂ ಬಸ್ಕಿ ಹೊಡಿಸ್ತೀಯಾ?" ಹಿಡಿತದಲ್ಲಿ ಕಸುವಿರಲಿಲ್ಲ. ಶಾಲು ಜಾರಿತು. ಅತ್ತೆಯ ರಟ್ಟೆಯ ಸುತ್ತ ಹುಡುಗಿಯ ಹೆಬ್ಬೆರಳೂ ನಡುಬೆರಳೂ ಒಂದನ್ನೊಂದು ಮುಟ್ಟಿದವು.

"ಅಜ್ಜಿ ಊಟ ಮಾಡ್ತಿದಾರಾ ಆಂಟಿ?"

ಸೊಸೆ ಆ ರಟ್ಟೆಯನ್ನೇ ನೋಡಿದಳು. ಅತ್ತೆಯೇ ಉತ್ತರ ಕೊಟ್ಟರು. "ಇವಳ ಅಡುಗೆ ಒಂದಿನ ತಿಂದು ನೋಡು. ಆಮೇಲೆ ಕೇಳು."

"ಎತ್ತೋದು ಆಮೇಲಿರಲಿ, ಮೊದಲು ತಿನ್ನಿಸಿ," ಎಂದಳು ಹುಡುಗಿ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ, ದನಿ ತಗ್ಗಿಸಿ. "ಹೀಗೇ ಬಿಟ್ರೆ ಅಜ್ಜಿ ಉಳಿಯಲ್ಲ."

ಸೊಸೆ ಅಡುಗೆಮನೆಗೆ ಹೋದಳು. ಬೆಳಗ್ಗೆ ಅತ್ತೆ ತಳ್ಳಿದ್ದ ತಟ್ಟೆ ಮುಚ್ಚಿಟ್ಟಲ್ಲೇ ಇತ್ತು. ಒಂದು ತುತ್ತು ತಾನೇ ಬಾಯಿಗೆ ಹಾಕಿಕೊಂಡಳು. ಉಪ್ಪು ಹದವಾಗಿತ್ತು, ಸೀದಿರಲಿಲ್ಲ, ಬೆಂದಿತ್ತು. ಬಿಸಿ ಮಾಡಿ ತಂದಳು. ಅತ್ತೆಯ ಎದುರು ನೆಲದಲ್ಲಿ ಕೂರಲು ಹೋದಳು, ಮಂಡಿ ಬಗ್ಗಲಿಲ್ಲ. ನಿಂತೇ ತುತ್ತು ಹಿಡಿದಳು.

"ತಿನ್ನಿ ಅತ್ತೆ. ಎಷ್ಟು ಭಾರ ಆದ್ರೂ ನಾನು ಎತ್ತುತೀನಿ."

ಅತ್ತೆ ತುತ್ತನ್ನು ನೋಡಲಿಲ್ಲ, ಅವಳ ಮಂಡಿಗಳನ್ನು ನೋಡಿದರು. ಈ ಸಲ ಯಾರ ದನಿಯನ್ನೂ ತೆಗೆಯಲಿಲ್ಲ.

"ನಿನ್ನ ಅಡುಗೆ ಯಾವತ್ತೂ ಚೆನ್ನಾಗೇ ಇರುತ್ತೆ ಕಣೇ," ಎಂದರು. ಆಮೇಲೆ ಬಾಯಿ ಬಿಗಿಯಾಗಿ ಮುಚ್ಚಿಕೊಂಡರು.