ಚಿಪ್ಪು ಬಿಟ್ಟ ಏಡಿ

ಕೋಕಿಲಾ ಬಕೆಟ್ಟಿನ ನಲ್ಲಿ ನೀರಿಗೆ ಅಡುಗೆ ಉಪ್ಪು ಕದಡಿ, ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ಗೋಕರ್ಣದಿಂದ ಕ್ಯಾನಿನಲ್ಲಿ ತಂದಿದ್ದ ಕಡಲ ನೀರು ಮುಗಿದಿತ್ತು. ಅದರದ್ದೇ ರುಚಿ ಬಂತು ಅನ್ನಿಸಿದ ಮೇಲೆ ಗಾಜಿನ ತೊಟ್ಟಿಗೆ ಸುರಿದಳು. ಒಳಗೆ ಶಂಖದಲ್ಲಿ ಮನೆ ಮಾಡಿದ್ದ ಏಡಿ. ಶಂಖದ ಬೆನ್ನಿಗೆ ಅಂಟಿಕೊಂಡ, ಹೂವಿನಂಥ ಒಂದು ಜೀವಿ.

ಕಡಲತೀರದ ಬಂಡೆಗಳ ನಡುವಿನ ನೀರಿನಲ್ಲಿ ಅವನ್ನು ಕಂಡವಳು ಅವಳೇ. ಏಡಿ ತಿಂದು ಬಿಟ್ಟ ಚೂರುಗಳನ್ನು ಹೂವು ಹಿಡಿಯುವುದನ್ನೂ, ಹತ್ತಿರ ಬಂದ ಮೀನು ಹೂವಿಗೆ ತಾಗಿ ಚುಚ್ಚಿಸಿಕೊಂಡು ಓಡಿದ್ದನ್ನೂ ಒಬ್ಬಳೇ ಕೂತು ನೋಡಿ ಹೇಳಿದ್ದಳು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳ ಮಾತನ್ನು ಅಕ್ಕನ ಗಂಡ ಮೊದಲ ಸಲ ಕಿವಿಗೊಟ್ಟು ಕೇಳಿದ್ದರು. ಆ ಖುಷಿಯಲ್ಲಿ, "ಮನೆಗೆ ತಗೊಂಡು ಹೋಗೋಣ ಭಾವ, ನಾನು ನೋಡ್ಕೋತೀನಿ" ಅಂದವಳೂ ಅವಳೇ.

ಈಗ ವಿಜಯನಗರದ ಮನೆಯಲ್ಲಿ ಅಕ್ಕಪಕ್ಕದವರೆಲ್ಲ ತೊಟ್ಟಿಯ ಸುತ್ತ ನಿಂತಿದ್ದರು. "ನಮ್ ಕೋಕಿಲಾ ಸೈಂಟಿಸ್ಟ್ ಕಣ್ರೀ," ಎಂದರು ಭಾವ. ಹೂವು ಮುದುಡಿ ಉಂಡೆಯಾಯಿತು. ಆಮೇಲೆ ಏಡಿ ತಡವರಿಸುತ್ತ ಶಂಖದಿಂದ ಪೂರ್ತಿ ಹೊರಗೆ ಬಂತು. ಮುಂದೆ ಗಟ್ಟಿ ಕಾಲುಗಳು, ಹಿಂದೆ ಸಿಪ್ಪೆ ಸುಲಿದಂಥ ಮೆತ್ತನೆಯ ಹೊಟ್ಟೆ.

"ಬಟ್ಟೆ ಬಿಚ್ಚಿಬಿಡ್ತಲ್ಲೇ ನಿನ್ ಏಡಿ," ಎದುರುಮನೆ ಆಂಟಿ ನಕ್ಕರು. ಮೊಬೈಲುಗಳು ಮೇಲೆದ್ದವು, ಭಾವನದೂ; ಅವುಗಳ ಬೆಳಕು ತೊಟ್ಟಿಯೊಳಗೆ ಬಿತ್ತು. ತಾನು ಅಡುಗೆ ಉಪ್ಪು ಕದಡಿದ ನೀರೇ ಏಡಿಯನ್ನು ಹೊರಗೆ ಅಟ್ಟಿದೆಯೆಂದು ಕೋಕಿಲಾಗೆ ಮಾತ್ರ ಗೊತ್ತಾಯಿತು. ತುಟಿಗೆ ಹತ್ತಿದ್ದ ಉಪ್ಪನ್ನು ಒರೆಸಿಕೊಂಡು, ಎರಡೂ ಅಂಗೈಗಳನ್ನು ಗಾಜಿಗೆ ಅಡ್ಡ ಹಿಡಿದಳು.

"ಭಾವ, ಆ ಲೈಟ್ ಆರಿಸ್ತೀರಾ?"